ಸೆರಗಿನ ಎರಡು ಗಂಟು

ಹನೂರು
22-1-1968

ಮಗು ಚಿಕ್ಕವ್ವನ ತಾಯಿ ಶಿವರತ್ನಮ್ಮನವರಿಗೆ ಹನುಮಯ್ಯನ ನಮಸ್ಕಾರಗಳು.

ಮದರಾಸಿನಿಂದ ಕಾಗದ ಬಂದಿದೆ. ಇದನ್ನು ಮೊದಲೇ ಬರೆದುಬಿಟ್ಟೆ. ನಾನು ಮಾತಿಗೆ ಶುರುಮಾಡಿದರೆ ಮುಖ್ಯವಾದದ್ದು ಕೊನೆಗೆ ಬರುತ್ತದೆ, ಅಷ್ಟರಲ್ಲಿ ಕಾರ್ಡು ತುಂಬಿಹೋಗಿರುತ್ತದೆ ಎಂದು ನನ್ನ ಹೆಂಡತಿ ಮಹಾಲಕ್ಷ್ಮಮ್ಮ ದಿನಾ ಬೈಯುತ್ತಾಳೆ. ಅದಕ್ಕೇ ಇವತ್ತು ಇನ್‌ಲ್ಯಾಂಡ್ ಲೆಟರ್ ತಂದಿದ್ದೇನೆ.

ಮೈಸೂರಿನಲ್ಲಿ ತೆಗೆಸಿದ ಎದೆಯ ಎಕ್ಸ್‌ರೇ ಫಿಲಂ ನೋಡಿ ಮದರಾಸಿನ ದೊಡ್ಡ ಡಾಕ್ಟರು ಎರಡು ಪುಟ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ನಮ್ಮ ಡಾಕ್ಟರು ಅದನ್ನು ಓದಿ ಮಡಚಿ ನನ್ನ ಜೇಬಿಗೆ ತುರುಕಿ, "ನೀನೇ ಹೇಳು ಹನುಮಯ್ಯ. ನಾನು ಹೇಳಿದ್ರೆ ಅವ್ರಿಗೆ ಅರ್ಥ ಆಗಲ್ಲ, ಅರ್ಥ ಆದ್ರೆ ಅಳ್ತಾರೆ. ನಂಗೆ ಎರಡೂ ಆಗಲ್ಲ" ಅಂದರು. ಇಪ್ಪತ್ತೆರಡು ವರ್ಷದಿಂದ ಈ ಷಾಪಿನಲ್ಲಿ ಔಷಧಿ ಕಲಸುವುದೂ ನಾನೇ, ಇಂಥದ್ದನ್ನು ಹೇಳುವುದೂ ನಾನೇ.

ಇದು ಕಾಗದದಲ್ಲಿ ಹೇಳುವ ವಿಷಯವಲ್ಲ. ನೀವೇ ಬನ್ನಿ. ಮಗುವನ್ನು ಕರೆತರಬೇಡಿ. ಹೋದ ಸಲ ಬಸ್ ನಿಲ್ದಾಣದಿಂದ ನಮ್ಮ ಬಾಗಿಲವರೆಗೆ ಅವಳು ಆರು ಸಲ ಕುಕ್ಕರಗಾಲಲ್ಲಿ ಕೂತಳು. ಬಾಗಿಲಲ್ಲಿ ನಿಂತು ಎಣಿಸುತ್ತಿದ್ದೆ. ಕೊನೆಯ ಸಲ ಎದುರಿಗೇ ಬಂದು "ಯಾಕವ್ವ, ಸುಸ್ತಾಯ್ತಾ?" ಅಂದರೆ, ನೇರಳೆಹಣ್ಣು ತಿಂದಂಥ ತುಟಿಯಲ್ಲಿ ಉಸಿರು ಹಿಡಿದು, "ಇಲ್ಲ ಸಾ, ಇರುವೆ ನೋಡ್ತಾವ್ನಿ" ಅಂದಳು. ಅಲ್ಲಿ ಒಂದು ಇರುವೆಯೂ ಇರಲಿಲ್ಲ. ಆರು ವರ್ಷದ ಕೂಸು, ನನಗೆ ಬೇಜಾರಾಗಬಾರದೆಂದು ಸುಳ್ಳು ಹೇಳಿತು.

ನಿಮ್ಮ ಯಜಮಾನರು ಪುಟ್ಟಬಸಪ್ಪನವರೂ ಬಂದರೆ ಒಳ್ಳೆಯದು. ಬರದಿದ್ದರೂ ನೀವು ಬನ್ನಿ.

ಇತಿ,
ಹನುಮಯ್ಯ, ಕಾಂಪೌಂಡರ್


ಕೆಸ್ತೂರು
6-2-1968

ಕಾಂಪೌಂಡರ್ ಅಣ್ಣಯ್ಯನವರಿಗೆ ಶಿವರತ್ನಮ್ಮ ಮಾಡುವ ಶರಣು.

ನಾನು ಏಳನೇ ಕ್ಲಾಸಿನವರೆಗೆ ಓದಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನೊಬ್ಬಳೇ ಹನೂರಿಗೆ ಬಂದ ದಿನ ಮಕ್ಕಳಾಟಕ್ಕೆಂದು ಕೌಂಟರಿನ ಮೇಲೆ ಇಟ್ಟಿರುವ ಹುಣಸೆ ಬೀಜದಲ್ಲಿ ಹತ್ತು ತೆಗೆದು ನನ್ನ ಮುಂದೆ ಸಾಲಾಗಿ ಇಟ್ಟಿರಲ್ಲ, ಅದು ನನ್ನ ಕಣ್ಣಲ್ಲೇ ಇದೆ. ಎದೆ ತೆರೆದು ಹೃದಯದ ತೂತಿಗೆ ಆಪರೇಷನ್ ಮಾಡಿದರೆ ಹತ್ತು ಮಕ್ಕಳಲ್ಲಿ ಆರು ತಮ್ಮ ಕಾಲಲ್ಲಿ ನಡೆದು ಮನೆಗೆ ಬರುತ್ತವೆ ಎಂದು ಆರು ಬೀಜ ಬಲಕ್ಕೆ ಸರಿಸಿದಿರಿ. ನಾಲ್ಕು ಬರುವುದಿಲ್ಲ ಎಂದು ನಾಲ್ಕನ್ನು ಎಡಕ್ಕೆ. ಮಾಡಿಸದೆ ಹೋದರೆ ಏನು ಅಂದದ್ದಕ್ಕೆ, ಹತ್ತಕ್ಕೆ ಹತ್ತನ್ನೂ ಅಂಗೈಯಲ್ಲಿ ಮುಚ್ಚಿಕೊಂಡು, "ಇನ್ನೊಂದಷ್ಟು ವರ್ಷ" ಅಂದಿರಿ. ಮನೆಯಲ್ಲಿ ಹೀಗೇ ತೋರಿಸಿ ಎಂದು ಕೊಟ್ಟಿರಿ. ಬಲದ ಆರನ್ನು ಸೆರಗಿನ ಒಂದು ಮೂಲೆಗೆ ಬಿಳಿ ದಾರ ಸುತ್ತಿ ಗಂಟು ಹಾಕಿದೆ, ಎಡದ ನಾಲ್ಕನ್ನು ಇನ್ನೊಂದು ಮೂಲೆಗೆ. ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸುವಾಗಲೂ ಎರಡು ಗಂಟನ್ನೂ ಬಿಡದೆ ಹಿಡಿದಿದ್ದೆ. ಕಂಡಕ್ಟರು, "ಏನಮ್ಮ, ಸೆರಗಲ್ಲಿ ಕೋಳಿಮರಿ ಕಟ್ಕಂಡಿದ್ದೀಯಾ?" ಎಂದು ನಕ್ಕ.

ಮನೆಯಲ್ಲಿ ಜಗಲಿಯ ಮೇಲೆ ಬಿಚ್ಚಿ ತೋರಿಸಿದೆ. ಅತ್ತೆ ದೊಡ್ಡಬಸಮ್ಮ ಎಡಗಂಟು ನೋಡಿದವರೇ ಉರಿದುಬಿದ್ದರು.

"ಅಲ್ಲ ಕಣಮ್ಮಿ, ಕೆಟ್ಟದ್ದನ್ಯಾಕೆ ಸೆರಗಿಗೆ ಕಟ್ಕಂಡು ಬಂದೆ? ಅಲ್ಲೇ ಬಿಸಾಕಿ ಬರಕ್ಕಾಗ್ನಿಲ್ವಾ?"

"ಬಿಸಾಕಿದ್ರೆ ಹತ್ತು ಆಗಕಿಲ್ಲ ಅತ್ತೆ."

"ಹತ್ತು ಯಾಕವ್ವ ಆಗ್ಬೇಕು? ನಮಗೆ ಬೇಕಾಗಿರೋಳು ಒಬ್ಳು."

ಮೊಮ್ಮಗಳಿಗೆ ತಮ್ಮ ಹೆಸರನ್ನೇ ಚಿಕ್ಕಬಸಮ್ಮ ಎಂದು ಇಟ್ಟವರು ಅವರು. ನಮ್ಮ ಯಜಮಾನರು ಬೀಜದ ಕಡೆ ಒಂದು ಸಲ ನೋಡಿ, ಗುದ್ದಲಿ ಹೆಗಲಿಗೆ ಹಾಕಿಕೊಂಡು ಕಬ್ಬಿನ ಗದ್ದೆಗೆ ಹೋದರು. ಅವತ್ತು ನೀರು ಕಟ್ಟುವ ಸರದಿ ನಮ್ಮದಲ್ಲ.

ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮ್ಮ ಮಗುವಾಗಿದ್ದರೆ ನೀವು ಏನು ಮಾಡುತ್ತಿದ್ದಿರಿ?

ಇಂತಿ ನಿಮ್ಮ ತಂಗಿಯಂಥ
ಶಿವರತ್ನಮ್ಮ


ಹನೂರು
15-2-1968

ತಂಗಿ ಶಿವರತ್ನಮ್ಮನಿಗೆ,

ನಿಮ್ಮ ಕಾಗದ ಬಂದು ಐದು ದಿನವಾಯಿತು. ನಾನು ಉತ್ತರ ತಡಮಾಡುವವನಲ್ಲ, ಮಾತು ಸಿಕ್ಕರೆ ಬಿಡುವವನೂ ಅಲ್ಲ. ಆದರೆ ನೀವು ಕೇಳಿದ ಪ್ರಶ್ನೆಯನ್ನು ಐದು ದಿನವೂ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡಿದೆ.

ನನಗೂ ಒಬ್ಬ ಮಗಳಿದ್ದಳು. ನಾಲ್ಕು ವರ್ಷ. ಗಂಟಲು ಬೇನೆ ಬಂತು. ಗಾಡಿ ಕಟ್ಟಿಸಿ ಕಾಮಗೆರೆ ದಾಟುವಷ್ಟರಲ್ಲಿ ಮುಗಿದಿತ್ತು. ಗಾಡಿ ಹೊಡೆಯುತ್ತಿದ್ದ ಮುತ್ತಯ್ಯ ಎತ್ತು ನಿಲ್ಲಿಸಿ, "ಮುಂದಕ್ಕೋಗನಾ, ಇಂದಕ್ಕೋಗನಾ ಸಾ?" ಅಂದ. ಅವಳ ವಿಷಯದಲ್ಲಿ ನನ್ನನ್ನು ಯಾರಾದರೂ ಕೇಳಿದ ಪ್ರಶ್ನೆ ಅದೊಂದೇ. ನಿಮಗೆ ಆರಿಸಿಕೊಳ್ಳಲು ಎರಡು ದಾರಿಯಾದರೂ ಇವೆ. ಅದು ಪುಣ್ಯವೋ ಪಾಪವೋ ನನಗೆ ತಿಳಿಯದು.

ನಾನು ಏನು ಮಾಡುತ್ತಿದ್ದೆ ಎಂದು ಕೇಳಬೇಡಿ. ನಾನು ತಕ್ಕಡಿ ಹಿಡಿಯುವವನು, ತೂಕದ ಕಲ್ಲು ಹಾಕುವವನಲ್ಲ. ಇಷ್ಟು ವರ್ಷದಲ್ಲಿ ನಾನು ತೂಗಿದ ಪುಡಿ ಒಂದು ಗುಂಜಿಯಷ್ಟೂ ಆಚೀಚೆ ಆಗಿಲ್ಲ. ಬೇಕಾದರೆ ಹನೂರಿನಲ್ಲಿ ಯಾರನ್ನಾದರೂ ಕೇಳಿ.

ಆದರೂ ಒಂದು ಮಾತು. ನಾಲ್ಕಕ್ಕಿಂತ ಆರು ದೊಡ್ಡದು ತಾಯಿ.

ಇತಿ,
ಹನುಮಯ್ಯ


ಕೆಸ್ತೂರು
17-3-1968

ಅಣ್ಣಯ್ಯನವರಿಗೆ ಶರಣು.

ಹೋಗುವುದೆಂದು ಮಾಡಿದ್ದೇವೆ. ಯುಗಾದಿ ಕಳೆದ ಮೇಲೆ.

ಮಾಡಿದ್ದೇವೆ ಎಂದು ಬರೆದೆ, ಹೇಗಾಯಿತು ಎಂದು ಹೇಳಲು ಬರುವುದಿಲ್ಲ. ಹೋದ ವಾರ ಚಿಕ್ಕವ್ವ ಸ್ಕೂಲಿಗೆ ನಡೆದೇ ಹೋಗುತ್ತೇನೆಂದು ಹಟ ಮಾಡಿದಳು. ದಿನಾ ಅಪ್ಪನ ಹೆಗಲ ಮೇಲೆ ಹೋಗುವವಳು. ಮಕ್ಕಳು "ಉತ್ಸವಮೂರ್ತಿ ಬಂತು, ದಾರಿ ಬುಡ್ರಪ್ಪೋ" ಎಂದು ಆಡಿಕೊಳ್ಳುತ್ತವಂತೆ. ಯಜಮಾನರು ಸರಿ ಎಂದು ಇಳಿಸಿದರು. ನಾಲ್ಕನೆಯ ಮನೆಯ ಹತ್ತಿರ ಕೂತಳು. ಕೂತಲ್ಲೇ ಕಣ್ಣು ಮೇಲಾಯಿತು. ನೀವು ಹೇಳಿಕೊಟ್ಟಿದ್ದಂತೆ ಮಂಡಿ ಎರಡನ್ನೂ ಮಡಚಿ ಎದೆಗೆ ಒತ್ತಿ ಹಿಡಿದುಕೊಂಡರು, ಸ್ವಲ್ಪ ಹೊತ್ತಿಗೆ ಉಸಿರು ತಿರುಗಿತು. ಮನೆಗೆ ತಂದು ಮಲಗಿಸಿ, ನನ್ನ ಕಡೆ ನೋಡದೆ, "ಬಟ್ಟೆ ಎತ್ತಿಟ್ಕೊ" ಅಂದರು. ನಮ್ಮ ಮನೆಯಲ್ಲಿ ಆದ ಮಾತುಕತೆ ಅಷ್ಟೇ.

ಇನ್ನೊಂದು ಸಂಗತಿ. ದಿನಾ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಗಂಟು ಬಿಚ್ಚಿ ಎಣಿಸಿ, ಬೇರೆ ಸೀರೆಗೆ ಕಟ್ಟಿಕೊಳ್ಳುವುದು ನನಗೆ ಅಭ್ಯಾಸವಾಗಿದೆ. ನಿನ್ನೆ ಬಲಗಂಟಿನಲ್ಲಿ ಏಳು ಇದ್ದವು. ಎಡಗಂಟಿನಲ್ಲಿ ಮೂರು. ಹಿಂದಿನ ರಾತ್ರಿ ನಾನು ಗಂಟು ಸಮೇತ ಬಿಚ್ಚಿಟ್ಟ ಸೀರೆಯನ್ನು ಅತ್ತೆ ಎತ್ತಿಕೊಂಡು ಹಿತ್ತಲಿಗೆ ಹೋಗಿದ್ದು ನೋಡಿದ್ದೆ. ರೊಟ್ಟಿ ತಟ್ಟುವಾಗ ಅವರೇ, "ಈಗೊಸಿ ವಾಸಿ ಅನ್ನಿಸ್ತದೆ ಕಣವ್ವ" ಅಂದರು.

ತಿರುಗಿ ಆರು ಮಾಡಲೇ ಎಂದುಕೊಂಡೆ. ಕೈ ಬರಲಿಲ್ಲ. ಏಳು ಹಾಗೇ ಕಟ್ಟಿಕೊಂಡಿದ್ದೇನೆ. ಆರು ಎಂದು ನನಗೆ ಗೊತ್ತಿದೆಯಲ್ಲ.

ಶಿವರತ್ನಮ್ಮ


ಹನೂರು
28-3-1968

ತಂಗಿ ಶಿವರತ್ನಮ್ಮನಿಗೆ,

ಇದಕ್ಕೆ ಮುಂಚೆ ಎರಡು ಕಾಗದ ಬರೆದು ಹರಿದೆ. ಮಹಾಲಕ್ಷ್ಮಮ್ಮ, "ಯಾರಿಗ್ರೀ ಅದು, ಒಲೆಗಾ ಬರೀತಿರೋದು?" ಎಂದು ಕೇಳಿದಳು.

ಪ್ರಯಾಣದ ವಿಷಯ ಹೇಳಿಬಿಡುತ್ತೇನೆ. ದಿಂಬಂ ಘಾಟಿ ಇಳಿಯುವಾಗ ಮಗುವನ್ನು ಕಿಟಕಿ ಪಕ್ಕ ಕೂರಿಸಿ. ತಿರುವು ಜಾಸ್ತಿ, ಹೊಟ್ಟೆ ತುಂಬ ಏನೂ ಕೊಡಬೇಡಿ, ಆದರೆ ನೀರು ಮಾತ್ರ ಕೊಡುತ್ತಲೇ ಇರಿ. ಇಂಥ ಮಕ್ಕಳಿಗೆ ರಕ್ತ ದಪ್ಪ, ಬಾಯಾರಿಸಬಾರದು. ಈರೋಡಿನಲ್ಲಿ ರೈಲು ಹತ್ತುವಾಗ ನೂಕುನುಗ್ಗಲಲ್ಲಿ ಅವಳನ್ನು ನಡೆಸಬೇಡಿ, ಪುಟ್ಟಬಸಪ್ಪನವರು ಎತ್ತಿಕೊಳ್ಳಲಿ. ಹೋಗುತ್ತಾ ಚಳಿ ತಾಗಿಸಬೇಡಿ. ಡಾಕ್ಟರ ಚೀಟಿ ಒಂದು ನಿಮ್ಮ ಹತ್ತಿರ, ಒಂದು ಅವರ ಹತ್ತಿರ. ಅಲ್ಲಿ ತಮಿಳು, ಇಂಗ್ಲಿಷು ಬಿಟ್ಟು ಬೇರೆ ನಡೆಯದು. ನಮ್ಮ ಗಡಿ ಕಡೆಯವರು ಯಾರಾದರೂ ವಾರ್ಡಿನಲ್ಲಿ ಇದ್ದೇ ಇರುತ್ತಾರೆ, ಕೇಳಿ.

ಬೀಜ ಎಣಿಸುತ್ತಾ ಕೂರಬೇಡಿ. ಅತ್ತೆಯವರ ಮೇಲೆ ಕೋಪ ಬೇಡ.

ಹೇಳಬೇಕಾದ ಇನ್ನೊಂದು ಮಾತು ಇತ್ತು. ನೀವು ಮಗುವಿನ ಜೊತೆ ತಿರುಗಿ ಬಂದ ಮೇಲೆ ಹೇಳುತ್ತೇನೆ.

ಹನುಮಯ್ಯ


ಮದರಾಸು
24-4-1968

ಅಣ್ಣಯ್ಯನವರಿಗೆ,

ನಾಳೆ ಬೆಳಿಗ್ಗೆ ಆಪರೇಷನ್.

ನೀವು ಹೇಳಿದ್ದು ನಿಜ, ವಾರ್ಡಿನಲ್ಲಿ ಮಾರ್ಟಳ್ಳಿ ಕಡೆಯ ನರ್ಸಮ್ಮ ಒಬ್ಬರಿದ್ದಾರೆ. ತಮಿಳಿನ ಮಧ್ಯೆ ಅವರ ಕನ್ನಡ ಕೇಳಿದರೆ ನಮ್ಮ ಹಿತ್ತಲಿನ ಬಾಗಿಲು ತೆರೆದ ಹಾಗಾಗುತ್ತದೆ. ಚಿಕ್ಕವ್ವ ಅವರ ಜೊತೆ ಆಟವಾಡುತ್ತಾ ಗೆಣೆಕಾರ್ತಿ ಆಗಿಬಿಟ್ಟಿದ್ದಾಳೆ. "ನರ್ಸಮ್ಮ, ವಾಸಿಯಾದ್ಮೇಲೆ ನಾನು ನಿಮ್ಮೂರ್ಗಂಟ ಓಡ್ಕಂಡು ಬತ್ತೀನಿ, ಬಸ್ಸಿಗೇ ಬರಕಿಲ್ಲ" ಎನ್ನುತ್ತಾಳೆ.

ಈರೋಡಿನಲ್ಲಿ ಎಣಿಸಿದಾಗ ಬಲಗಂಟಿನಲ್ಲಿ ಎಂಟಾಗಿತ್ತು. ರೈಲಿನಲ್ಲಿ ನಾನು ತೂಕಡಿಸುವಾಗ ಸೆರಗು ಯಜಮಾನರ ತೊಡೆಯ ಮೇಲೆ ಬಿದ್ದಿತ್ತು.

ಇವತ್ತು ಮಧ್ಯಾಹ್ನ ಡಾಕ್ಟರು ಎಲ್ಲವನ್ನೂ ಹೇಳಿದರು. ನರ್ಸಮ್ಮ ಕನ್ನಡದಲ್ಲಿ ಹೇಳಿದರು. ನಾನು ಕೇಳಿದೆ. ಯಜಮಾನರು ಪೆನ್ನು ಹಿಡಿದು ಕೂತೇ ಇದ್ದರು, ಕೊನೆಗೆ ಸಹಿ ಹಾಕಿದರು. ಅವರ ಹೆಸರಿನ ಕೆಳಗೆ ನಾನೂ ಸಹಿ ಹಾಕುತ್ತೇನೆಂದು ಕೇಳಿದೆ. ಹಾಕಿಸಿಕೊಂಡರು.

ಬೇರೆ ಬರೆಯಲು ಇದೆ. ಈಗ ಬರೆಯುವುದಿಲ್ಲ.

ಶಿವರತ್ನಮ್ಮ


ಕೆಸ್ತೂರು
3-5-1968

ಶ್ರೀ ಕಾಂಪೌಂಡರ್ ಹನುಮಯ್ಯನವರಿಗೆ ಪುಟ್ಟಬಸಪ್ಪನ ಶರಣು.

ಆಪರೇಷನ್ ಆಯಿತು. ಎರಡು ದಿನ ಇದ್ದಳು. ತುಟಿ ಕೆಂಪಗಾಗಿತ್ತು, ನಾವು ನೋಡಿದೆವು. ಮೂರನೆಯ ದಿನ ಬೆಳಿಗ್ಗೆ ಹೋದಳು. ಅವರು ಬೇಕಾದ್ದೆಲ್ಲ ಮಾಡಿದರು. ಅಷ್ಟು ದೂರದಿಂದ ತರಲು ಆಗದೆ ಅಲ್ಲೇ ಮಣ್ಣು ಮಾಡಿ ಬಂದೆವು. ಡಾಕ್ಟರಿಗೆ ತಿಳಿಸುವುದು.

ಪುಟ್ಟಬಸಪ್ಪ


ಹನೂರು
20-5-1968

ತಂಗಿ ಶಿವರತ್ನಮ್ಮನಿಗೆ,

ಕಾರ್ಡು ಬಂದ ದಿನ ಷಾಪಿನಲ್ಲಿ ಜನ ತುಂಬಿದ್ದರು. ನಮ್ಮ ಡಾಕ್ಟರು ಓದಿ, ಕನ್ನಡಕ ತೆಗೆದು ಒರೆಸಿ, ಮುಂದಿನ ರೋಗಿಯನ್ನು ಕರೆದರು. ನಾನು ಕೆಮ್ಮಿನ ಔಷಧಿ ಕಲಸುತ್ತಿದ್ದೆ. ಎರಡು ಔನ್ಸ್ ಹಾಕುವ ಕಡೆ ನಾಲ್ಕು ಹಾಕಿ, ಚೆಲ್ಲಿ, ಬೇರೆ ಕಲಸಿದೆ.

ಸಮಾಧಾನ ಹೇಳಲು ಬರೆಯುತ್ತಿಲ್ಲ. ತಪ್ಪು ಒಪ್ಪಿಕೊಳ್ಳಲು ಬರೆಯುತ್ತಿದ್ದೇನೆ. ಮದರಾಸಿನ ಆ ಮೊದಲ ಕಾಗದದಲ್ಲಿ ಇದ್ದದ್ದು ಆರಲ್ಲ, ಐದು. ಹತ್ತಕ್ಕೆ ಐದು ಉಳಿಯುತ್ತವೆ, ಐದು ಹೋಗುತ್ತವೆ ಎಂದು ಅವರು ಸ್ಪಷ್ಟವಾಗಿ ಬರೆದಿದ್ದರು. ಅವತ್ತು ಕೌಂಟರಿನ ಮೇಲೆ ಐದು ಐದೇ ಇಡಬೇಕೆಂದು ಎಣಿಸಿದ್ದೆ. ನೀವು ಬೀಜ ನೋಡದೆ ನನ್ನ ಮುಖ ನೋಡುತ್ತಿದ್ದಿರಿ. ಬೆರಳು ತಾನೇ ಒಂದನ್ನು ಬಲಕ್ಕೆ ತಳ್ಳಿತು. ನಾನು ತಳ್ಳಿದೆ. ಬೆರಳಿನ ಮೇಲೆ ಏಕೆ ಹಾಕಲಿ.

ಸಮ ಸಮ ಎಂದರೆ ನೀವು ಎದ್ದು ಹೋಗಿಬಿಡುತ್ತೀರಿ, ಆ ಕೂಸು ಇಲ್ಲದ ಇರುವೆ ನೋಡುತ್ತಾ ಒಂದು ದಿನ ರಸ್ತೆಯಲ್ಲೇ ಮುಗಿಯುತ್ತದೆ ಎಂದು ಹೆದರಿದೆ. ನನ್ನ ಮಗಳ ಗಾಡಿ ಕಣ್ಣ ಮುಂದೆ ಬಂತು. ನಿಮ್ಮ ಮಗಳ ಲೆಕ್ಕದಲ್ಲಿ ನನ್ನ ಮಗಳನ್ನು ಸೇರಿಸಿಬಿಟ್ಟೆ.

ಅತ್ತೆಯವರು ಏಳು ಮಾಡಿದ್ದಾರೆಂದು ಬರೆದಿರಲ್ಲ, ಆಗಲೇ ಹೇಳಬೇಕಿತ್ತು. "ಆರು ಎಂದು ನನಗೆ ಗೊತ್ತಿದೆಯಲ್ಲ" ಎಂದು ನೀವು ಬರೆದಿದ್ದಿರಿ. ಆ ಸಾಲು ಓದಿ ಬರೆದದ್ದೇ ಆ ಎರಡು ಕಾಗದ, ಹರಿದದ್ದೂ ಅವನ್ನೇ. ಹೊರಡಲು ಸಿದ್ಧರಾಗಿದ್ದೀರಿ, ಈಗ ಹೇಳಿದರೆ ನಿಂತುಬಿಡುತ್ತೀರಿ ಎಂದುಕೊಂಡೆ. ನಿಂತಿದ್ದರೆ ಅವಳು ಇವತ್ತು ನಿಮ್ಮ ಜಗಲಿಯ ಮೇಲೆ ಇರುತ್ತಿದ್ದಳು.

ಅವಳನ್ನು ಕಳಿಸಿದವನು ನಾನು. ಗುಂಜಿಯಷ್ಟೂ ಆಚೀಚೆ ಆಗಿಲ್ಲ ಎಂದು ಜಂಬ ಕೊಚ್ಚಿದವನು. ನಿಮಗೆ ಬೈಯಬೇಕೆನಿಸಿದರೆ ಬೈದು ಬರೆಯಿರಿ. ಬರೆಯದೆ ಮಾತ್ರ ಇರಬೇಡಿ.

ಹನುಮಯ್ಯ


ಕೆಸ್ತೂರು
11-11-1968

ಅಣ್ಣಯ್ಯನವರಿಗೆ ಶರಣು.

ಆರು ತಿಂಗಳು ಬರೆಯಲಿಲ್ಲ. ಕೋಪವಿತ್ತು. ಈಗಲೂ ಇದೆ, ಆದರೆ ಬರೆಯುವಷ್ಟು ಕಡಿಮೆಯಾಗಿದೆ.

ನೀವು ತಿಳಿದುಕೊಂಡಿರುವುದು ತಪ್ಪು. ಮದರಾಸಿನಲ್ಲಿ ಆ ಮಧ್ಯಾಹ್ನ ನರ್ಸಮ್ಮ, "ಅಕ್ಕಾ, ಹತ್ತರಲ್ಲಿ ಐದು ಅಂತಾರೆ" ಅಂದರು. "ಇಲ್ಲ, ಆರು" ಅಂದೆ. ಅವರು ಡಾಕ್ಟರನ್ನು ಇನ್ನೊಂದು ಸಲ ಕೇಳಿ, "ಐದೇ ಅಕ್ಕಾ. ನಿಮ್ಮೂರಿಗೆ ಬರೆದದ್ದೂ ಐದೇ ಅಂತೆ" ಅಂದರು. ನಾನು ವರಾಂಡಕ್ಕೆ ಹೋಗಿ ನೆಲದ ಮೇಲೆ ಕೂತು ಎರಡು ಗಂಟನ್ನೂ ಬಿಚ್ಚಿದೆ. ಎಂಟು, ಎರಡು. ಒಂದನ್ನು ತೆಗೆದು ಎಡಕ್ಕೆ ಇಟ್ಟೆ, ಅದು ಯಜಮಾನರದು. ಇನ್ನೊಂದು ಇಟ್ಟೆ, ಅದು ಅತ್ತೆಯದು. ಇನ್ನೊಂದು ಇಟ್ಟೆ, ಅದು ನಿಮ್ಮದು. ಐದು ಐದು ಆಯಿತು.

ಎಲ್ಲರೂ ಒಂದೊಂದು ಬೀಜ ಈ ಕಡೆಗೆ ಹಾಕಿದಿರಿ. ನನ್ನ ಹತ್ತಿರ ಹಾಕಲು ಒಂದೂ ಇರಲಿಲ್ಲ. ನಾನು ಎಣಿಸಬೇಕಾಗಿತ್ತು.

ಅಲ್ಲೇ ಬಹಳ ಹೊತ್ತು ಕೂತಿದ್ದೆ. ನಾಲ್ಕನೆಯ ಮನೆಯ ಹತ್ತಿರ ಅವಳ ಕಣ್ಣು ಮೇಲಾದದ್ದು, ಓಡುತ್ತೇನೆ ಎಂದದ್ದು, ಎಲ್ಲ ಯೋಚಿಸಿದೆ. ಆಮೇಲೆ ಒಳಗೆ ಹೋಗಿ ಸಹಿ ಹಾಕಿದೆ. ಐದು ಎಂದು ತಿಳಿದೇ ಹಾಕಿದೆ. ಅವಳನ್ನು ಕಳಿಸಿದವನು ನಾನು ಎಂದು ಬರೆದಿದ್ದೀರಿ. ನೀವಲ್ಲ. ಅವಳಿಗಾಗಿ ನಾನು ಮಾಡಿದ್ದು ಎಂದು ನನಗೆ ಉಳಿದಿರುವುದು ಅದೊಂದೇ. ಅದನ್ನೂ ನಿಮ್ಮ ತಪ್ಪು ಎಂದು ಹೇಳಿ ತೆಗೆದುಕೊಂಡು ಹೋಗಬೇಡಿ.

ನನ್ನ ಕೋಪ ಬೇರೆ. ಜನವರಿಯಲ್ಲೇ ಐದು ಅಂದಿದ್ದರೆ, ನನ್ನ ಮನೆಯಲ್ಲಿ, ನನ್ನ ಒಲೆಯ ಮುಂದೆ, ಅವಳ ತಲೆ ಬಾಚುತ್ತಾ ಮೂರು ತಿಂಗಳು ಯೋಚಿಸುತ್ತಿದ್ದೆ. ಅಲ್ಲಿಗೇ ಬಂದು ಸೇರುತ್ತಿದ್ದೆನೇನೋ. ಆದರೆ ನನಗೆ ಸಿಕ್ಕಿದ್ದು ಗೊತ್ತಿಲ್ಲದ ಊರಿನ ವರಾಂಡದಲ್ಲಿ ಒಂದು ಮಧ್ಯಾಹ್ನ. ಅದಕ್ಕೆ ನಿಮ್ಮನ್ನು ಕ್ಷಮಿಸಲು ನನಗೆ ಇನ್ನೂ ಆಗಿಲ್ಲ.

ಬೀಜ ವಾಪಸು ಕಳಿಸಿದ್ದೇನೆ, ಬಟ್ಟೆಯಲ್ಲಿ ಹೊಲಿದಿದೆ. ಒಂಬತ್ತು ಇವೆ. ವರಾಂಡದಲ್ಲಿ ಕೂತಿದ್ದಾಗ ಚಿಕ್ಕವ್ವ ಬಂದಳು.

"ಸಮ ಯಾಕ್ ಮಾಡ್ದವ್ವ?"

"ಅದು ಇದ್ದದ್ದೇ ಸಮ ಕಣವ್ವ."

"ಇದ್ರಾಗೆ ನಾನ್ಯಾವ್ದು?"

ಅವಳೇ ಒಂದನ್ನು ಎತ್ತಿಕೊಂಡು ಮುಷ್ಟಿಯಲ್ಲಿ ಇಟ್ಟುಕೊಂಡಳು. ಯಾವ ಕಡೆಯದು ಎಂದು ಕೇಳಬೇಡಿ, ನಾನು ಕಣ್ಣು ಮುಚ್ಚಿಕೊಂಡಿದ್ದೆ. ಆಪರೇಷನ್ ಮನೆಗೆ ಬಿಡುವುದಿಲ್ಲವೆಂದು ನರ್ಸಮ್ಮ ಇಸಿದುಕೊಂಡು, ಎಲ್ಲ ಮುಗಿದ ಮೇಲೆ ಅವಳ ಕೈಯಲ್ಲೇ ಇಟ್ಟರು. ಅದು ಅವಳ ಜೊತೆ ಮಣ್ಣಿಗೆ ಹೋಗಿದೆ.

ಹಿಂಗಾರು ಮದರಾಸಿನ ಕಡೆ ಜೋರಾಗಿ ಹುಯ್ಯುತ್ತಿದೆಯಂತೆ. ಅತ್ತೆ ದಿನಾ ಒಂದೇ ಕೇಳುತ್ತಾರೆ: "ಹುಣಸೆ ಬೀಜ ಅಲ್ವೇನವ್ವ, ಇಷ್ಟೊತ್ತಿಗೆ ಮೊಳಕೆ ಒಡೆದಿರ್ಬೇಕು." ನನಗೂ ಹಾಗೇ ಅನಿಸುತ್ತದೆ. ಒಂದು ಮೊಳದ ಗಿಡ ಕಣ್ಣಿಗೆ ಕಾಣುತ್ತದೆ. ಬೀಜ ನಿಮ್ಮದು, ನಿಮಗೆ ಗೊತ್ತಿರುತ್ತದೆ. ಅದು ಹುಟ್ಟುವ ಬೀಜವೇ?

ಶಿವರತ್ನಮ್ಮ


ಹನೂರು
25-11-1968

ತಂಗಿ ಶಿವರತ್ನಮ್ಮನಿಗೆ,

ಒಂಬತ್ತೂ ಬಂದು ಸೇರಿದವು. ಕೌಂಟರಿನ ಮೇಲೆ ಇಡಲಿಲ್ಲ, ನನ್ನ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ.

ಮೊನ್ನೆ ಪಾಲಾರ್ ಕಡೆಯಿಂದ ದೊಡ್ಡಮಾದಮ್ಮ ಎಂಬುವರು ಬಂದಿದ್ದರು. ಮಡಿಲಲ್ಲಿ ಎಂಟು ತಿಂಗಳ ಕೂಸು, ತಲೆಯಲ್ಲಿ ನೀರು ತುಂಬಿದೆ. ಮೈಸೂರಿನಿಂದ ಬಂದ ಕಾಗದವನ್ನು ಡಾಕ್ಟರು ಎಂದಿನಂತೆ ನನ್ನ ಜೇಬಿಗೆ ತುರುಕಿದರು. ನಿಮ್ಮ ಒಂಬತ್ತಕ್ಕೆ ಮನೆಯ ಹುಣಸೆ ಬುಟ್ಟಿಯಿಂದ ಒಂದು ಸೇರಿಸಿ ಹತ್ತು ಮಾಡಿ ಇಟ್ಟೆ. ಕಾಗದದಲ್ಲಿ ಇದ್ದದ್ದು ಮೂರು. ಮೂರನ್ನೇ ಬಲಕ್ಕೆ ಇಟ್ಟೆ. ಆಕೆ ನನ್ನ ಮುಖ ನೋಡಿದರು. ನಾನು ಎರಡು ಕೈಯನ್ನೂ ಕೌಂಟರಿನ ಕೆಳಗೆ ಇಟ್ಟುಕೊಂಡೆ.

"ಇಷ್ಟೇನಾ ಸಾ?"

"ಇಷ್ಟೇ ಕಣವ್ವ."

ಆಕೆ ಬೀಜಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಇನ್ನೂ ಏನೂ ನಿರ್ಧಾರವಾಗಿಲ್ಲ. ಬರುವ ವಾರ ಮತ್ತೆ ಬಂದು ಇನ್ನೊಂದು ಸಲ ಎಣಿಸಿ ನೋಡುತ್ತೇನೆ ಎಂದಿದ್ದಾರೆ.

ನೀವು ಕೇಳಿದ್ದಕ್ಕೆ ಉತ್ತರ ಬರೆಯಬೇಕು. ಹೌದು, ಹುಟ್ಟುತ್ತದೆ ಎಂದು ಬರೆಯಲು ಪೆನ್ನು ಕಾಗದದ ಮೇಲೆ ಇಟ್ಟಿದ್ದೆ. ಅಷ್ಟು ದೂರ ಹೋಗಿ ಯಾರು ನೋಡುತ್ತಾರೆ.

ಷಾಪಿಗೆ ಬರುವ ಕೂಸುಗಳು ಆ ಬೀಜಗಳನ್ನು ಬಾಯಿಗೆ ಹಾಕಿಕೊಳ್ಳುತ್ತವೆ. ಅದಕ್ಕೆ ಪ್ರತಿ ಶನಿವಾರ ಸಿರಿಂಜು ಕುದಿಸುವ ಪಾತ್ರೆಯಲ್ಲಿ ಅವನ್ನೂ ಹಾಕಿ ಅರ್ಧ ಗಂಟೆ ಕುದಿಸಿ ಒಣಗಿಸುತ್ತಿದ್ದೆ. ವರ್ಷಗಟ್ಟಲೆ ಹಾಗೆ ಕುದಿಸಿದ ಬೀಜಗಳು ಅವು. ನೋಡಲು ಹಸಿ ಬೀಜದಂತೆಯೇ ಇರುತ್ತವೆ.

ಅದು ಹುಟ್ಟುವುದಿಲ್ಲ ತಾಯಿ.

ಮನೆಯ ಬುಟ್ಟಿಯಿಂದ ಒಂದು ಹಸಿ ಬೀಜ ತೆಗೆದು ಈ ಕಾಗದದೊಳಗೆ ಇಟ್ಟು ಮಡಚಿದ್ದೆ. ಮತ್ತೆ ಬಿಚ್ಚಿ ತೆಗೆದುಬಿಟ್ಟೆ.

ಹನುಮಯ್ಯ